ರಾಣಿ ಎದ್ದುಹೋದ ಜಾಗ

ರಾಣಿ ಮತ್ತೆ ಸುಪ್ರೀತಾಳಿಗೇ ಬಂದಳು. ನನ್ನ ಹೊಟ್ಟೆ ಉರಿದುಹೋಯಿತು.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಶ್ರವಣನ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ ಕತ್ತರಿಸಿ ಉಳಿದ ತುಂಡುಗಳಿಂದ ಅವನು ಚೌಟ ಅರಸರ ಕಾಲದ ಕಾರ್ಡಿನಾಟವೊಂದನ್ನು ಮಾಡಿದ್ದ. ಕರಿಮೆಣಸು, ಪರಂಗಿ ಹಡಗು, ಬಿರುಗಾಳಿ, ಒಬ್ಬಳೇ ರಾಣಿ. ಅದನ್ನು ಆಡಿನೋಡಲು ಭಾನುವಾರ ಸಂಜೆ ನಾವು ಮೂವರು ಸೇರುತ್ತಿದ್ದೆವು: ಅವನು, ನಾನು, ದಾವಣಗೆರೆಯಿಂದ ಇಲ್ಲಿಯ ಕಾಲೇಜಿಗೆ ಪಾಠ ಮಾಡಲು ಬಂದ ಸುಪ್ರೀತಾ. ಕಾರ್ಡಿನ ಚಿತ್ರಗಳು ಅವಳವು.

ಅವಳಿಗೆ ತುಳು ಬಾರದು. ಅವಳಿಗೋಸ್ಕರ ಶ್ರವಣ ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದ. ನಮ್ಮಿಬ್ಬರದೇ ಆಗಿದ್ದ ಮಾತನ್ನೂ ಅವಳು ಕಿತ್ತುಕೊಂಡಿದ್ದಳು.

ವಾಮದಪದವಿನಿಂದ ನನ್ನ ಬಸ್ಸು ಬರುವಷ್ಟರಲ್ಲಿ ಅವಳು ಬೆಂಚಿನಲ್ಲಿ ಅವನ ಪಕ್ಕ ಕೂತಾಗಿರುತ್ತಿತ್ತು. ನನಗೆ ಉಳಿಯುವುದು ತುದಿ. ರಾಣಿ ಬಂದವರು ಎದ್ದು ಮೇಜಿನಾಚೆಯ ಮರದ ಕುರ್ಚಿಗೆ, ಅಂದರೆ ಸಿಂಹಾಸನಕ್ಕೆ, ಹೋಗಬೇಕು. ಅವರು ಬಿಟ್ಟ ಜಾಗಕ್ಕೆ ಪಕ್ಕದವರು ಸರಿಯಬೇಕು. ಆಟ ಮುಗಿದ ಮೇಲೆ ಎಲ್ಲರೂ ಮತ್ತೆ ಮೊದಲಿನ ಜಾಗಕ್ಕೆ. ಶ್ರವಣ ಮಾಡಿದ ನಿಯಮ ಅದು. ಸುಪ್ರೀತಾ ಸಿಂಹಾಸನದಲ್ಲಿ ಕೂತು ನನ್ನ ಮೆಣಸನ್ನೆಲ್ಲ ಸುಂಕವೆಂದು ಬಾಚಿಕೊಳ್ಳುವಳು. ಅವನು ನಗುವನು.

ಅದೃಷ್ಟ ಹೆಚ್ಚಾಯಿತು, ರಾಣಿಯನ್ನು ಬುದ್ಧಿಯಿಂದ ಗೆಲ್ಲುವಂತಿರಲಿ ಎಂದು ನಾನು ಜಗಳವಾಡಿದ್ದೆ. ಗಾಳಿ ಎದ್ದರೆ ರಾಣಿಯ ಹಡಗೂ ಮುಳುಗುತ್ತದೆ, ಅದೃಷ್ಟ ಬೇಕೇ ಬೇಕು ಎಂದು ಅವನು ಹಟ ಹಿಡಿದಿದ್ದ. ಸುಪ್ರೀತಾ ಅವನ ಪಕ್ಷ. ಇನ್ನು ಯಾರ ಪಕ್ಷ ಹಿಡಿದಾಳು!

ಆ ಆಟ ಮುಗಿದಾಗ, ಮುಂದಿನ ವಾರದಿಂದ ಬರುವುದೇ ಬೇಡವೆಂದು ನಿರ್ಧರಿಸಿದೆ. ಸುಪ್ರೀತಾ ಎದುರಿನ ಹೋಟೆಲಿನಿಂದ ಗೋಳಿಬಜೆ ತರಲು ಹೋದಳು. ಯಾವಾಗಲೂ ಕಾರ್ಡು ಕಲಸಿ ಹಂಚುವುದು ಶ್ರವಣ. ಕಡೆಯ ಸಲ ನಾನೇ ಕಲಸುತ್ತೇನೆಂದು ಕಟ್ಟನ್ನು ಎತ್ತಿಕೊಂಡೆ. ಅವನು ಗಾಬರಿಯಿಂದ ಕೈಚಾಚಿದ.

ಅಷ್ಟರಲ್ಲಿ ನನ್ನ ಹೆಬ್ಬೆರಳಿಗೆ ದಪ್ಪದ ಕಾರ್ಡೊಂದು ತಾಗಿತು. ಬೇರೆ ಜಾತಿಯ ಕಾಗದ. ತಿರುಗಿಸಿದೆ. ರಾಣಿ.

ಅಂದರೆ ಇಷ್ಟು ದಿನ ಅವಳಿಗೆ ರಾಣಿ ಬರುತ್ತಿರಲಿಲ್ಲ, ಇವನೇ ಕೊಡುತ್ತಿದ್ದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಇದಾ ನಿನ್ನ ಅದೃಷ್ಟ? ಅವಳನ್ನು ರಾಣಿ ಮಾಡ್ಲಿಕ್ಕೆ ನನ್ನನ್ನು ಯಾಕೆ ಕರೆದದ್ದು?"

ಅವನ ಕಿವಿ ಕೆಂಪಾಯಿತು. ತುಂಬ ದಿನಗಳ ಮೇಲೆ ತುಳುವಿನಲ್ಲಿ, ಮೆಲ್ಲಗೆ ಕೇಳಿದ:

"ರಾಣಿ ಬಂದವರು ಎಲ್ಲಿಗೆ ಹೋಗ್ತಾರೆ, ಪ್ರಾಪ್ತಿ?"

"ಕುರ್ಚಿಗೆ."

"ಆಮೇಲೆ ನನ್ನ ಪಕ್ಕ ಯಾರು ಕೂರುವುದು?"

ರಾಣಿ ಯಾರ ಕೈಗೆ ಹೋದಳೆಂದು ಮಾತ್ರ ನೋಡಿ ಉರಿದುಕೊಂಡಿದ್ದೆ. ಅವಳು ಎದ್ದ ಮೇಲೆ ನಾನೆಲ್ಲಿ ಕೂತಿದ್ದೆನೆಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ.

"ನೀನು ಪಕ್ಕ ಕೂರ್ಬೇಕಿತ್ತು ನನಗೆ," ಅವನು ಮೇಜು ನೋಡುತ್ತ ಹೇಳಿದ. "ಬಾಯಿಬಿಟ್ಟು ಕೇಳ್ಲಿಕ್ಕೆ ಹೆದರಿಕೆ. ಅದಕ್ಕೇ ನಿಯಮ ಮಾಡಿದ್ದು."

ಸುಪ್ರೀತಾ ಗೋಳಿಬಜೆಯ ಪೊಟ್ಟಣ ಹಿಡಿದು ಬಂದಳು, ಎಂದಿನಂತೆ ಅವನ ಪಕ್ಕ ಕೂತಳು. ನಾನು ಕಣ್ಣೊರೆಸಿಕೊಂಡು ಕಾರ್ಡು ಹಂಚಿದೆ. ದಪ್ಪದ ಕಾರ್ಡು ಹೆಬ್ಬೆರಳಿಗೆ ಸಿಕ್ಕಿತು. ಅದನ್ನು ಸೀದಾ ಅವಳ ಮುಂದೆ ಇಟ್ಟೆ.

"ಅಯ್ಯೋ, ಮತ್ತೆ ನನಗೇ ರಾಣಿ," ಎಂದಳು.

"ಎಂಥ ಅದೃಷ್ಟ ಮಾರಾಯ್ತಿ ನಿಂದು," ಎಂದೆ. ಅವಳು ಎದ್ದು ಕುರ್ಚಿಗೆ ಹೋದಳು, ನಾನು ಸರಿದು ಕೂತೆ.