ಕೊಳದ ಚರ್ಮ

ಬ್ಲೇಡಿನಿಂದ ಗೀರಿದ ಗಾಯ ಎಲ್ಲರ ಕಣ್ಣೆದುರೇ ಕೂಡಿಕೊಂಡಿತು. ಮೊದಲು ಅಂಚುಗಳು ಬೆವರಿದವು, ಆಮೇಲೆ ಒಂದನ್ನೊಂದು ಹುಡುಕಿಕೊಂಡು ಬಂದವು, ಚಹಾ ಆರುವಷ್ಟರಲ್ಲಿ ಗೆರೆಯೂ ಉಳಿಯಲಿಲ್ಲ. ಗಂಗಾವತಿಯ ಹೊರವಲಯದ ಕ್ಲಬ್ಬಿನ ಸದಸ್ಯರು ಚಪ್ಪಾಳೆ ತಟ್ಟಿದರು.

ಅದು ಈಜುಕೊಳದ ತಳಕ್ಕೂ ಗೋಡೆಗೂ ಹಾಸಿದ್ದ ಪೊರೆ. ಪ್ಲಾಸ್ಟಿಕ್ಕಿನದಲ್ಲ, ಜೀವವಿದ್ದದ್ದು. ಮನುಷ್ಯರ ಚರ್ಮದ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ, ಹಾಳೆಯಾಗಿ ಎಳೆದು, ಮೇಲ್ಮೈಗೆ ನೀಲಿ ಕುಡಿಸಿದ್ದು. ಇದು ಇನ್ನು ಮೂವತ್ತು ವರ್ಷದ ಮೇಲಿನ ಮಾತು; ಆಗ ಊರೂರಲ್ಲೂ ಕೊಳಗಳಾಗಿರುವುದು ಇದರ ದೆಸೆಯಿಂದಲೇ. ಅಂಗೈಯಗಲದ ಗಾಯವನ್ನು ಪೊರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಹೋದ ವಾರದ ಮದುವೆ ಗದ್ದಲದಲ್ಲಿ ಯಾರೋ ಮಾಂಸ ಸುಡುವ ಕಬ್ಬಿಣದ ಒಲೆಯನ್ನೇ ಕೊಳಕ್ಕೆ ಉರುಳಿಸಿದ್ದರು. ಮಾರುದ್ದ ಹರಿದಿತ್ತು, ಹರಿದಲ್ಲಿ ಕೊಳೆತಿತ್ತು. ಹೊಸದನ್ನು ಹೊದಿಸಲು, ಅದನ್ನು ಕಂಡುಹಿಡಿದ ಡಾ. ನಿವೇದಿತಾ ಅಂಗಡಿಯವರೇ ಬಂದಿದ್ದರು.

ಸಂಕಮ್ಮ ಚಪ್ಪಾಳೆ ತಟ್ಟಲಿಲ್ಲ. ಇಪ್ಪತ್ತು ವರ್ಷದಿಂದ ಕೊಳ ಬರಿದು ಮಾಡುವುದೇ ಅವಳ ಕಸುಬು. ಅವಳ ಮಗಳು ಚಂದ್ರಿಕಾ ಅಕ್ಕಿ ಗಿರಣಿಯ ಬಾಯ್ಲರಿನ ಹಬೆಗೆ ಸಿಕ್ಕಿ, ಕುತ್ತಿಗೆಯಿಂದ ಸೊಂಟದವರೆಗೆ ಬೆಂದು, ಮೂರು ತಿಂಗಳಿಂದ ಬಾಳೆಎಲೆಯ ಮೇಲೆ ಮಲಗಿದ್ದಳು.

"ಮೇಡಂರೀ, ಹೊಸಾದ್ರಾಗ ಒಂದು ಮೊಳ ಕೊಡ್ರಿ. ನನ್ನ ಮಗಳಿಗೆ."

ನಿವೇದಿತಾ ಕನ್ನಡಕ ತೆಗೆದು ಒರೆಸಿದರು. "ಮೈಗೆ ಹತ್ತುತ್ತೆ ಸಂಕಮ್ಮ, ಸುಳ್ಳು ಹೇಳಲ್ಲ. ನಾನು ಮಾಡಿದ್ದೇ ಸುಟ್ಟುಕೊಂಡವರಿಗೋಸ್ಕರ. ಆದರೆ ಮನುಷ್ಯರಿಗೆ ಹಚ್ಚೋ ಪರವಾನಗಿ ಹನ್ನೊಂದು ವರ್ಷದಿಂದ ಬಂದಿಲ್ಲ."

"ಕೊಳಕ್ಕ ಬರಾಕ ಎಷ್ಟು ಹಿಡೀತ್ರಿ?"

"ಹನ್ನೊಂದು ದಿನ."

"ಕೊಳ ಪುಣ್ಯಾ ಮಾಡಿತ್ತು ಬಿಡ್ರಿ."

ಕ್ಲಬ್ಬಿನ ಮ್ಯಾನೇಜರ್ ವಿರೂಪಣ್ಣ ನಕ್ಕ. "ನಿನ್ನ ಮಗಳನ್ನ ಕೊಳದಾಗ ಮಲಗಿಸು, ತಾನ ಅಂಟ್ಕೊಂತೈತಿ! ನಡಿ, ಪಂಪ್ ಹಚ್ಚು."

ತುಂಬಿದ ಕೊಳವನ್ನು ಹಿಡಿದಿಡುವುದು ಅದರ ನೀರಿನ ಭಾರವೇ. ಬರಿದಾದರೆ ಕೆಳಗಿನ ಅಂತರ್ಜಲ ತಳವನ್ನು ಮೇಲಕ್ಕೆ ಒತ್ತಿ ಸೀಳುತ್ತದೆ. ಅದಕ್ಕೇ ಪಕ್ಕದ ಗುಂಡಿಯೊಳಗೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೆಲದ ನೀರು ಕೊಳದ ತಳಕ್ಕಿಂತ ಕೆಳಗಿದೆಯೇ ನೋಡಬೇಕು. ಇಲ್ಲದಿದ್ದರೆ ಮೊದಲು ಗುಂಡಿಯ ನೀರು ಎತ್ತಬೇಕು. ಎಡದಂಡೆ ನಾಲೆಗೆ ನೀರು ಬಿಟ್ಟು ಆರು ದಿನವಾಗಿತ್ತು. ಸುತ್ತಲ ಗದ್ದೆಗಳೆಲ್ಲ ತುಂಬಿ ನಿಂತಿದ್ದವು.

ಸಂಕಮ್ಮ ಗುಂಡಿಯ ಮುಚ್ಚಳದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕೊಳದ ಹಳೆ ಹಾಳೆ, ಕೆಟ್ಟ ಹಾಳೆ ಯಾವತ್ತೂ ಕೆಲಸದವರ ಪಾಲು. ಅವಳ ಮನೆಯ ಮಾಡಿಗೆ ಹೊದಿಸಿದ್ದೂ ಅಂಥದ್ದೇ. ಕೊಳವೇ ಒಡೆದರೆ ಹೊಸ ಪೊರೆ ಹೊದಿಸುವುದೆಲ್ಲಿಗೆ? ಪೆಟ್ಟಿಗೆಯಿಂದ ತೆಗೆದ ಮೇಲೆ ಎರಡೇ ತಾಸು ಅದರ ಆಯುಸ್ಸು. ಅಷ್ಟರಲ್ಲಿ ಹೊದಿಸಲಾಗದ್ದು ಕೆಟ್ಟ ಮಾಲೆಂದೇ ಲೆಕ್ಕ. ಗಿರಣಿಯ ಹಿಂದಿನ ತನ್ನ ಮನೆಗೆ ಸೈಕಲ್ಲಿನಲ್ಲಿ ಅರ್ಧ ತಾಸು ಸಾಕು.

ಮುಚ್ಚಳ ತೆಗೆಯದೆ ಎದ್ದಳು. "ಚೊಲೋ ಐತ್ರಿ. ಪಂಪ್ ಹಚ್ತೀನ್ರಿ."

ಮಧ್ಯಾಹ್ನದ ಹೊತ್ತಿಗೆ ನೀರು ಮೊಣಕಾಲಿಗಿಳಿಯಿತು. ನಿವೇದಿತಾ ಪೆಟ್ಟಿಗೆ ತೆರೆದರು. ಆಗಲೇ ಕೊಳದ ತಳ ಏಳುವ ಎಮ್ಮೆಯ ಬೆನ್ನಿನ ಹಾಗೆ ಉಬ್ಬಿ, ಫಟ್ಟೆಂದು ಸೀಳಿತು. ಸೀಳಿನಿಂದ ಗದ್ದೆಯ ಕೆಂಪು ನೀರು ನುಗ್ಗಿತು.

ಕೂಗಾಟ ಮುಗಿದ ಮೇಲೆ ಸಂಕಮ್ಮ ಹೊಸ ಪೊರೆಯ ಸುರುಳಿಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. "ಕೆಟ್ಟದ್ದು ನಮ್ಮ ಪಾಲ್ರಿ, ಮೊದಲಿಂದ್ಲೂ."

"ಅದು ಪ್ಲಾಸ್ಟಿಕ್ ಕಾಲದ ಮಾತು," ನಿವೇದಿತಾರ ಕಣ್ಣು ತುಂಬಿತ್ತು. "ಇದಕ್ಕೆ ಜೀವ ಇದೆ. ತೆರೆದು ಬಳಸದಿದ್ದರೆ ಕ್ಯಾಮೆರಾ ಮುಂದೆ ನಾಶ ಮಾಡಬೇಕು. ಒಂದು ತುಂಡು ಹೊರಗೆ ಹೋದರೂ ನನ್ನ ಪ್ರಯೋಗಾಲಯ ಮುಚ್ಚುತ್ತಾರೆ." ತುಂಬಿದ ಕಣ್ಣಲ್ಲೇ ಬ್ಲೀಚಿನ ಕ್ಯಾನನ್ನು ಮುಂದಕ್ಕೆ ತಳ್ಳಿದರು.

ವಿರೂಪಣ್ಣ ಮೆಲ್ಲಗೆ ಅಂದ, "ನೀನ ಸುರಿ, ಸಂಕಮ್ಮ. ಇಲ್ಲಾಂದ್ರ ಗುಂಡಿ ಯಾಕ ನೋಡಲಿಲ್ಲ ಅಂತ ಕೇಳಬೇಕಾಕ್ಕೈತಿ."

ಅವಳು ಸುರಿದಳು. ಹಾಳೆ ಮುದುಡಿತು, ಬೊಬ್ಬೆ ಎದ್ದಿತು, ಬಿಳಿಚಿತು. ಆಸ್ಪತ್ರೆಯಲ್ಲಿ ಮೊದಲ ದಿನ ಮಗಳ ಮೈಮೇಲೆ ಕಂಡದ್ದನ್ನೇ ಮತ್ತೆ ಕಂಡಳು. ಹಾಳೆಯ ಗಾಯದ ಅಂಚುಗಳು ಕೊನೆಯವರೆಗೂ ಕೂಡಿಕೊಳ್ಳಲು ನೋಡುತ್ತಲೇ ಇದ್ದವು.

ಮನೆಯಲ್ಲಿ ಚಂದ್ರಿಕಾ ಕಣ್ಣು ತೆರೆದು ಕೇಳಿದಳು, "ಆ ಚರ್ಮಾ ತಂದೀ ಏನಬೇ?"

"ಇಲ್ಲವ್ವ."

"ಹೆಂಗಿತ್ತು?"

"ಮ್ಯಾಲ ನೀಲಿ. ಒಳಮೈ ನಿನ್ನ ಬಣ್ಣನ."

ಮಾಘದ ಬಿಸಿಲಿಗೆ ಆ ಹುಡುಗಿ ಇರಲಿಲ್ಲ. ಕೊಳ ಮಾತ್ರ ಇಪ್ಪತ್ತು ದಿನದಲ್ಲಿ ಸರಿಹೋಯಿತು. ಹೊಸ ಪೊರೆ ಬಂತು, ತಳ ಮೆತ್ತಗಿದೆ ಎಂದು ಮಕ್ಕಳು ಮೇಲೇಳಲು ಒಲ್ಲೆವೆಂದವು. ನಿವೇದಿತಾರ ಅರ್ಜಿ ಹನ್ನೊಂದು ವರ್ಷದಿಂದ ಕೂತಿದ್ದ ಕಚೇರಿಯಲ್ಲಿ ನಮೂನೆಗಳು ಎರಡು: ಕೊಳಕ್ಕೆ ಎರಡು ಪುಟದ್ದು, ಮನುಷ್ಯರಿಗೆ ಮುನ್ನೂರು ಪುಟದ್ದು. ಅವೇನು ಮೂವತ್ತು ವರ್ಷದ ಮೇಲೆ ಹುಟ್ಟಿದವಲ್ಲ. ಯಾರೋ, ಚರ್ಮ ನೆಟ್ಟಗಿರುವವರು, ನಮ್ಮ ನಡುವೆಯೇ ಕೂತು ಅವನ್ನು ಈ ಹೊತ್ತು ಊಟಕ್ಕೇಳುವ ಮೊದಲು ಬರೆದು ಮುಗಿಸುತ್ತಿದ್ದಾರೆ.