ಮುನ್ನೂರ ಏಳು ನೆರಳುಗಳು

ಸೋಮವಾರ ಬೆಳಗ್ಗೆ ಎಂಟಕ್ಕೆ ಮಲಪ್ರಭಾ ವಿಶ್ವವಿದ್ಯಾಲಯದ ವಾರ್ತಾಪತ್ರ ಹನ್ನೊಂದು ಸಾವಿರದ ನಾಲ್ಕು ನೂರು ಜನರಿಗೆ ಒಮ್ಮೆಲೇ ಇಮೇಲ್ ಆಗಿ ಹೋಯಿತು. ಒಬ್ಬರಿಗೆ ಬಂದಂತೆ ಇನ್ನೊಬ್ಬರಿಗೆ ಬರಲಿಲ್ಲ. ಹಾಸ್ಟೆಲಿನ ವಿದ್ಯಾರ್ಥಿನಿಗೆ ಶಿಷ್ಯವೇತನದ ಕೊನೆಯ ದಿನಾಂಕ ಮೊದಲ ಸಾಲಿನಲ್ಲೇ ಸಿಕ್ಕಿತು. ನಿವೃತ್ತ ಗಣಿತ ಪ್ರಾಧ್ಯಾಪಕರಿಗೆ ತಮ್ಮ ಹಳೆಯ ವಿದ್ಯಾರ್ಥಿಯ ಬಹುಮಾನದ ಸುದ್ದಿ, ಅದೂ ಅವರ ಕಣ್ಣಿಗೆ ಹಿತವಾಗುವ ದಪ್ಪ ಅಕ್ಷರಗಳಲ್ಲಿ. ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಅಂತರ ಕಾಲೇಜು ಕಬಡ್ಡಿಯ ಫಲಿತಾಂಶ.

ಈ ಕೆಲಸ ಮಾಡುತ್ತಿದ್ದ ಸಾಧನದ ಹೆಸರು ‘ಹಿತವಾರ್ತೆ’. ಅದನ್ನು ಕಂಡುಹಿಡಿದವರು ಅದೇ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಡಾ. ತಬಸ್ಸುಮ್ ನದಾಫ್. ಒಬ್ಬ ಓದುಗ ಯಾವ ಸಾಲಿನಲ್ಲಿ ನಿಲ್ಲುತ್ತಾನೆ, ಎಲ್ಲಿ ಬೆರಳು ಸರಿಸುತ್ತಾನೆ, ಏನನ್ನು ಕಂಡಾಗ ಅವನ ಕಣ್ಣಿನ ಪಾಪೆ ಹಿಗ್ಗುತ್ತದೆ ಎಂಬುದನ್ನೆಲ್ಲ ಅವನ ಒಪ್ಪಿಗೆ ಪಡೆದು ಪರದೆಯ ಕ್ಯಾಮೆರಾ ಗಮನಿಸುತ್ತಿತ್ತು. ಆ ಲೆಕ್ಕಗಳಿಂದ ಅವನದೇ ಒಂದು ಗಣಿತರೂಪದ ಪ್ರತಿ ಯಂತ್ರದೊಳಗೆ ತಯಾರಾಗುತ್ತಿತ್ತು. ತಬಸ್ಸುಮ್ ಅದನ್ನು ‘ನೆರಳು’ ಎಂದು ಕರೆಯುತ್ತಿದ್ದರು. ಪತ್ರ ಹೊರಡುವ ಮೊದಲು ಪ್ರತಿ ಸುದ್ದಿಯನ್ನೂ ಆ ನೆರಳು ಓದುತ್ತಿತ್ತು. ನೆರಳಿಗೆ ಬೇಡವಾದದ್ದು ಓದುಗನವರೆಗೆ ಬರುತ್ತಲೇ ಇರಲಿಲ್ಲ.

ಈ ಸಾಧನವನ್ನು ಆರಿಸಿದವರು ವಾರ್ತಾ ವಿಭಾಗದ ಮುಖ್ಯಸ್ಥೆ ನೀಲಾಂಬಿಕೆ ಹೂಗಾರ. ಎರಡು ವರ್ಷದ ಹಿಂದೆ, ೨೦೫೫ರಲ್ಲಿ, ಆಯ್ಕೆ ಸಮಿತಿಯ ಮುಂದೆ ಮೂರು ಸಾಧನಗಳಿದ್ದವು. ಒಂದು ಎಲ್ಲರಿಗೂ ಒಂದೇ ಪತ್ರ ಕಳಿಸುವ ಹಳೆಯ ನಮೂನೆ. ಇನ್ನೊಂದರಲ್ಲಿ ಚಿತ್ರಗಳ ಅಂದಚಂದವೇ ಹೆಚ್ಚು. ಮೂರನೆಯದು ಹಿತವಾರ್ತೆ. ನೀಲಾಂಬಿಕೆ ಪಟ್ಟು ಹಿಡಿದು ಮೂರನೆಯದನ್ನೇ ಕೊಡಿಸಿದರು. ಅದಕ್ಕೆ ಕಾರಣವಿತ್ತು. ಇಪ್ಪತ್ತಾರು ವರ್ಷ ಪ್ರತಿ ವಾರ ಒಂದೊಂದು ವಾಕ್ಯವನ್ನೂ ತಿದ್ದಿ ತೀಡಿ ಕಳಿಸಿದ ಪತ್ರವನ್ನು ನೂರಕ್ಕೆ ಒಂಬತ್ತು ಜನ ಮಾತ್ರ ತೆರೆಯುತ್ತಿದ್ದರು. ಆ ಒಂಬತ್ತು ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಹಿತವಾರ್ತೆ ಬಂದ ಮೇಲೆ ಅದು ತೊಂಬತ್ತನಾಲ್ಕಾಯಿತು. ಸೂಚನಾ ಫಲಕಗಳನ್ನು ಗೋಡೆಯಿಂದ ಇಳಿಸಿದರು. ವಿಭಾಗಗಳು ತಮ್ಮ ಸುದ್ದಿಯನ್ನು ನೇರವಾಗಿ ಯಂತ್ರಕ್ಕೇ ಹಾಕತೊಡಗಿದವು.

ಆ ವಾರದ ಗುರುವಾರ ಮಧ್ಯಾಹ್ನ ನಾಲ್ಕೂವರೆಗೆ ಯಾವುದೋ ಛಾಯಾಚಿತ್ರ ಕೇಳಲೆಂದು ನೀಲಾಂಬಿಕೆ ಸಸ್ಯಶಾಸ್ತ್ರ ವಿಭಾಗಕ್ಕೆ ಹೋದರು. ಸಭಾಂಗಣದ ಬಾಗಿಲು ತೆರೆದಿತ್ತು. ಒಳಗೆ ಸಾಲಾಗಿ ಹಾಕಿದ ಕುರ್ಚಿಗಳು. ಮುಂದಿನ ಸಾಲಿನಲ್ಲಿ ವಿಭಾಗದ ಹೊಸ ಮುಖ್ಯಸ್ಥರು, ಇಬ್ಬರು ಅಟೆಂಡರ್‌ಗಳು, ಒಬ್ಬ ಹೆಂಗಸು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೊ. ಫೋಟೊದಲ್ಲಿದ್ದವರು ಬಾಳಪ್ಪ ಕಂಬಾರ.

ನೀಲಾಂಬಿಕೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

ಬಾಳಪ್ಪ ಪ್ರಾಧ್ಯಾಪಕರಲ್ಲ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು ಕಾಪಾಡುವ ಸಸ್ಯಸಂಗ್ರಹಾಲಯವನ್ನು ಮೂವತ್ತಾರು ವರ್ಷ ನೋಡಿಕೊಂಡವರು. ಆದರೆ ಅಲ್ಲಿ ಓದಿದವರೆಲ್ಲ ಮೊದಲು ಗಿಡ ಗುರುತಿಸಲು ಕಲಿತದ್ದು ಅವರಿಂದಲೇ. ಎಂ.ಎಸ್ಸಿ. ಓದುವಾಗ ನೀಲಾಂಬಿಕೆ ಬರೆದ ಹೆಸರುಚೀಟಿಗಳನ್ನು ನೋಡಿ, “ಬರವಣಿಗಿ ನಿನ್ನ ಕೈಯಾಗ ಐತಿ ಬೇ. ಗಿಡ ಬಿಟ್ಟು ಬರಿಯೂ ಕೆಲಸ ಹಿಡಿ” ಎಂದವರೂ ಅವರೇ. ಹೊಲದ ಬದುವಿನಲ್ಲಿ ಅವರ ಜೊತೆ ಕೂತು ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು ನೂರಾರು ಮಂದಿ.

ಮುಂದಿನ ಸಾಲಿನ ಹೆಂಗಸು ಎದ್ದು ಬಂದಳು. ಬಾಳಪ್ಪನವರ ಮಗಳು ಕಸ್ತೂರಿ. ಇಳಕಲ್ಲಿನಲ್ಲಿ ಶಾಲಾ ಶಿಕ್ಷಕಿ.

“ಬರ್ರಿ ಅಕ್ಕಾರ. ನೀವರ ಬಂದ್ರಿ.”

“ಯಾವಾಗ್ ಆತು ಕಸ್ತೂರಿ?”

“ಹೋದ ಶುಕ್ರವಾರ. ಪತ್ರದಾಗ ಓದಲಿಲ್ಲೇನ್ರಿ? ಎಲ್ಲಾರಿಗೂ ಹೋಗೇತಿ ಅಂದ್ರು.” ಕಸ್ತೂರಿ ಕುರ್ಚಿಗಳ ಕಡೆ ತಿರುಗಿ ನೋಡಿದಳು. “ಅಪ್ಪ ಯಾವಾಗ್ಲೂ ಅಂತಿದ್ದ್ರು, ನಾ ಸತ್ತರ ಈ ಹಾಲ್ ಸಾಲೂದಿಲ್ಲ ನೋಡು ಅಂತ. ನಾನೂ ಅದನ್ನ ನಂಬಿ ಎಂಬತ್ತು ಕುರ್ಚಿ ಹಾಕಿಸಿದೆ. ಇರಲಿ ಬಿಡ್ರಿ, ಎಲ್ಲಾರಿಗೂ ಅವರವರ ಕೆಲಸ ಇರ್ತಾವು.”

ಕಸ್ತೂರಿ ಹಾರ ತೆಗೆದಿಟ್ಟು, ಫೋಟೊವನ್ನು ಸೀರೆಯ ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ನೀಲಾಂಬಿಕೆ ನೇರವಾಗಿ ತಬಸ್ಸುಮ್ ಅವರ ಪ್ರಯೋಗಾಲಯಕ್ಕೆ ನಡೆದರು.

“ಬಾಳಪ್ಪನವರು ಹೋಗಿದ್ದು ನನಗ ಗೊತ್ತಾಗಲಿಲ್ಲಲ್ಲ ತಬಸ್ಸುಮ್. ಪತ್ರದಾಗ ಸುದ್ದಿ ಇತ್ತಂತ. ನನ್ನ ಪತ್ರದಾಗ ಇರಲಿಲ್ಲ. ಯಾರ ಪತ್ರದಾಗಿತ್ತು, ನೋಡ್ರಿ.”

ತಬಸ್ಸುಮ್ ಯಂತ್ರದ ದಿನಚರಿಯನ್ನು ತೆರೆದರು. ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರದರಾಗೂ ಇರಲಿಲ್ಲ ಅಕ್ಕಾರ.”

“ಅಂದ್ರ? ಯಂತ್ರ ಕೆಟ್ಟಿತ್ತೇನು?”

“ಕೆಟ್ಟಿದ್ದರ ಚಲೋ ಇತ್ತು. ನಾವು ಹೇಳಿದಂಗ ಮಾಡೇತಿ. ಹನ್ನೊಂದು ಸಾವಿರ ಮಂದಿಗೆ ಅವರು ಯಾರು ಅಂತನ ಗೊತ್ತಿರಲಿಲ್ಲ. ಅವರ ನೆರಳು ಸುದ್ದಿ ದಾಟಿ ಮುಂದ ಹೋದವು. ಗೊತ್ತಿದ್ದವರು ಮುನ್ನೂರ ಏಳು ಮಂದಿ. ಅವರ ನೆರಳು ಸುದ್ದಿ ಓದಿದವು. ಓದಿದ ಮ್ಯಾಲೆ ಬ್ಯಾರೆ ಏನೂ ಓದಲಿಲ್ಲ. ಪತ್ರ ಮುಚ್ಚಿಬಿಟ್ಟವು. ಪತ್ರ ಮುಚ್ಚಿದ್ರ ಯಂತ್ರ ಅದನ್ನ ಹಾನಿ ಅಂತ ಹಿಡಿತದ. ಹಾನಿ ಮಾಡೂ ಸುದ್ದಿನ ತೆಗಿತದ.”

“ನನ್ನದು?”

ತಬಸ್ಸುಮ್ ತಡವರಿಸಿದರು. “ನಿಮ್ಮ ನೆರಳು ಮೊದಲನೇ ಸಾಲಿನಾಗ ನಿಂತು ಬಿಟ್ಟಿತ್ರಿ. ನಾಕು ನಿಮಿಷ. ಎಲ್ಲಾರಕಿಂತ ಹೆಚ್ಚು.”

ನೀಲಾಂಬಿಕೆ ಯಂತ್ರದ ಪೆಟ್ಟಿಗೆಯತ್ತ ನೋಡಿದರು. ಸೋಮವಾರ ನಸುಕಿನಲ್ಲಿ, ತಾನು ಇನ್ನೂ ಚಹಾ ಕಾಯಿಸುತ್ತಿದ್ದಾಗ, ಈ ಪೆಟ್ಟಿಗೆಯೊಳಗೆ ತನ್ನ ಪರವಾಗಿ ಯಾವುದೋ ಒಂದು ಬಾಳಪ್ಪಣ್ಣನ ಸಾವಿಗೆ ಮಿಡಿದು ಮುಗಿಸಿತ್ತು. ಮುನ್ನೂರ ಏಳು ನೆರಳುಗಳು ಅವರಿಗಾಗಿ ನಿಂತವು. ಬಳಿಕ ಅವನ್ನು ಅಳಿಸಿ ಮುಂದಿನ ಸುದ್ದಿಗೆ ಸಿದ್ಧಮಾಡಲಾಯಿತು. ಸಭಾಂಗಣಕ್ಕೆ ಮಾತ್ರ ಯಾರೂ ಬರಲಿಲ್ಲ.

“ನಾನು ಮಂದೀಗೆ ನೋವಾಗಬಾರದು ಅಂತ ಮಾಡಿದ್ದೆ ಅಕ್ಕಾರ,” ಎಂದರು ತಬಸ್ಸುಮ್.

“ನಾನು ಮಂದಿ ಓದಲಿ ಅಂತ ಆರಿಸಿದ್ದೆ,” ಎಂದರು ನೀಲಾಂಬಿಕೆ.

ಆ ಮುನ್ನೂರ ಏಳು ಹೆಸರುಗಳನ್ನು ಬರೆದುಕೊಂಡು, ತಮ್ಮದೊಂದನ್ನು ಬಿಟ್ಟು, ನೀಲಾಂಬಿಕೆ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿದರು. ಒಂಬತ್ತು ದಿನ ಹಿಡಿಯಿತು. ಕೆಲವರು ಫೋನಿನಲ್ಲೇ ಅತ್ತರು. ಕೆಲವರು, ಮೊದಲೇ ಯಾಕ ಹೇಳಲಿಲ್ಲ ಎಂದು ಗದರಿದರು. ಮುಂದಿನ ತಿಂಗಳು ಮತ್ತೆ ಸಭೆ ಸೇರಿಸುವುದೆಂದಾಯಿತು. ಕೊನೆಯ ಫೋನ್ ಕಸ್ತೂರಿಗೆ. ನಡೆದದ್ದನ್ನು, ತಮ್ಮ ತಪ್ಪನ್ನೂ ಸೇರಿಸಿ, ನೀಲಾಂಬಿಕೆ ಏನನ್ನೂ ಮುಚ್ಚಿಡದೆ ಹೇಳಿದರು.

ಕಸ್ತೂರಿ ಪೂರ್ತಿ ಕೇಳಿಸಿಕೊಂಡಳು.

“ಹಂಗಾರ ಮಂದಿ ಅಪ್ಪನ್ನ ಮರ್ತಿರಲಿಲ್ಲ ಅಂತೀರಿ.”

“ಇಲ್ಲ ಯವ್ವಾ. ಯಾರೂ ಮರ್ತಿರಲಿಲ್ಲ. ನೀ ಬರಬೇಕು.”

“ನನಗ ಆಗೂದಿಲ್ರಿ ಅಕ್ಕಾರ. ಆ ಕುರ್ಚಿ ಒಮ್ಮೆ ನೋಡೇನಿ. ಅವು ತುಂಬಿದ್ದನ್ನ ನೋಡಿದ್ರೂ ನನಗ ಖಾಲಿನ ಕಾಣ್ತಾವು.”

ಸಭೆಗೆ ನೂರ ನಲವತ್ತು ಜನ ಬಂದರು. ಅಟೆಂಡರ್‌ಗಳು ಪಕ್ಕದ ಕೋಣೆಯಿಂದ ಬೆಂಚು ತರಬೇಕಾಯಿತು. ಕಸ್ತೂರಿ ಬರಲಿಲ್ಲ.

ಹಿತವಾರ್ತೆಯನ್ನು ನಿಲ್ಲಿಸಬೇಕೆಂದು ನೀಲಾಂಬಿಕೆ ಕುಲಪತಿಗಳಿಗೆ ಬರೆದರು. ತಬಸ್ಸುಮ್ ಕೂಡ ರುಜು ಹಾಕಿದರು. ಆದರೆ ನೂರಕ್ಕೆ ತೊಂಬತ್ತನಾಲ್ಕು ಎಂಬ ಲೆಕ್ಕವನ್ನು ಬಿಟ್ಟುಕೊಡಲು ಆಯ್ಕೆ ಸಮಿತಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬದಲಿಗೆ ಸಮಿತಿ ಒಂದು ಅನುಕೂಲ ಮಾಡಿಕೊಟ್ಟಿತು: ‘ಶೋಕವಾರ್ತೆಯೂ ಬೇಕು’ ಎಂದು ಬಯಸುವವರು ಒಂದು ಚೌಕದಲ್ಲಿ ಗುರುತು ಹಾಕಬಹುದು. ವರ್ಷದ ಕೊನೆಗೆ ಗುರುತು ಹಾಕಿದವರು ಅರವತ್ತೊಂದು ಜನ.

ಸಮಿತಿಗೆ ವರದಿ ಬರೆಯಲೆಂದು ನೀಲಾಂಬಿಕೆ ವಿಭಾಗದ ಹಳೆಯ ಕಡತಗಳನ್ನು ತರಿಸಿದ್ದರು. ಅವುಗಳಲ್ಲಿ ೨೦೨೬ರ ಒಂದು ಟಿಪ್ಪಣಿ ಇತ್ತು. ನೆರಳು, ಕ್ಯಾಮೆರಾ ಯಾವುದೂ ಇಲ್ಲದ ಕಾಲ ಅದು. ಇಮೇಲ್ ಪತ್ರ ಕಳಿಸಲು ಯಾವ ಸಾಧನ ಕೊಳ್ಳಬೇಕೆಂದು ಯಾರೋ ಒಬ್ಬ ಅಚ್ಚುಕಟ್ಟಿನ ಗುಮಾಸ್ತೆ ಹೋಲಿಕೆಯ ಪಟ್ಟಿ ಮಾಡಿದ್ದಳು. ಎಷ್ಟು ಜನ ತೆರೆದರೆಂದು ತೋರಿಸುವ ಸಾಧನವೇ ಒಳ್ಳೆಯದು ಎಂದು ಶಿಫಾರಸು ಮಾಡಿದ್ದಳು. ಅದನ್ನು ಒಂದು ತಿಂಗಳು ಬಳಸಿ ನೋಡಿದ ಮೇಲೆ ಕೆಳಗೆ ಒಂದು ಸಾಲು ಸೇರಿಸಿದ್ದಳು: “ನಿಧನ ವಾರ್ತೆಯನ್ನು ಇಬ್ಬರು ಮಾತ್ರ ತೆರೆದಿದ್ದಾರೆ. ಮುಂದಿನ ಸಂಚಿಕೆಯಿಂದ ಕೈಬಿಡಬಹುದು.”

ಪಕ್ಕದಲ್ಲಿ ಮೇಲಧಿಕಾರಿಯ ಹಸಿರು ಶಾಯಿಯ ಒಪ್ಪಿಗೆ ಇತ್ತು.

ನೀಲಾಂಬಿಕೆ ಹಾಳೆಯನ್ನು ತಿರುಗಿಸಿ ನೋಡಿದರು. ಮುಂದಿನ ಪುಟಗಳನ್ನೂ ಹುಡುಕಿದರು. ಆ ಇಬ್ಬರು ಯಾರು ಎಂದು ಕೇಳಿದವರು ಕಡತದಲ್ಲಿ ಯಾರೂ ಇರಲಿಲ್ಲ.