ಎಷ್ಟು ಡಿಕ್ಕಿಗೆ ತಣಿಯುತ್ತದೆ

"ಈ ಒತ್ತಡದ ಮಾಪಕ ಯಾವ ಅನಿಲಕ್ಕೆ ಹೊಂದಿಸಿದ್ದು?"

ಲೇಸರ್ ಕೋಣೆಗೆ ಕಾಲಿಟ್ಟ ಮೊದಲ ದಿನ, ನಮಸ್ಕಾರವನ್ನೂ ಹೇಳದೆ ಆತ ಕೇಳಿದ್ದು ಇದನ್ನು.

ಅವಳು ತಲೆಯೆತ್ತಿದಳು. ಬಾಚಣಿಗೆ ಕಾಣದ ಕೂದಲು, ಅರ್ಧ ಒಳಗೆ ಅರ್ಧ ಹೊರಗೆ ಇದ್ದ ಅಂಗಿ. ಬೇರೆ ಪ್ರಯೋಗಾಲಯದಿಂದ ಬಂದ ಸಂಶೋಧಕನಂತೆ... ಗೂಬೆ, ಎಂದುಕೊಂಡಳು.

"ಬುದ್ಧಿ ಇರೋ ಅನಿಲಕ್ಕೆ. ನಿಮಗೆ ಓದೋಕೆ ಬರಲ್ಲ, ಬಿಡಿ."

ಜೊತೆಗಾತಿಯರು ಕಿಸಕ್ಕೆಂದರು. ಆತ ತಲೆಯಾಡಿಸಿ ಹೊರಟುಹೋದ.

ಗಾಜಿನ ಕೊಳವೆಯಲ್ಲಿ ಅನಿಲ ತುಂಬಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಹಾಯಿಸುವುದು ಅವಳ ಕೆಲಸ. ಬೆಳಕು ಕುಡಿದ ಅಣು ಕುಣಿಯುತ್ತದೆ. ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು ಹೊಡೆದು, ಶಕ್ತಿಯನ್ನೆಲ್ಲ ಹಂಚಿ ತಣಿಯುತ್ತದೆ. ಎಷ್ಟು ಡಿಕ್ಕಿಗೆ? ಜಗತ್ತು ಅಂದುಕೊಂಡಿದ್ದರ ಅರ್ಧಕ್ಕೇ, ಎಂದು ಅವಳ ಅಳತೆ ಹೇಳುತ್ತಿತ್ತು. ಅವಳ ಪದವಿ ನಿಂತದ್ದು ಅದರ ಮೇಲೆ. ಮಾರ್ಗದರ್ಶಕರಾದ ಮೇಷ್ಟ್ರು ಲೇಖನವನ್ನು ಪತ್ರಿಕೆಗೆ ಕಳಿಸುವುದೊಂದು ಬಾಕಿ.

ಕ್ಯಾಂಟೀನಿನಲ್ಲಿ ಆತ ಮತ್ತೆ ಅದನ್ನೇ ಕೇಳಿದ.

"ಗೂಬೆಗಳಿಗೆ ಹಗಲು ಕಣ್ಣು ಕಾಣಲ್ಲ, ಪಾಪ," ಎಂದಳು.

ಮೂರನೆಯ ಸಲ ಕೇಳಿದಾಗ ಬಾಗಿಲು ಹಾಕಿಕೊಂಡಳು.

ಮನೆಯಲ್ಲಿ ಅಕ್ಕನಿಗೆ ದಿನವೂ ಗೂಬೆ ಪುರಾಣ. ಅಕ್ಕ ಬಟ್ಟೆ ಮಡಿಸುತ್ತ ನಕ್ಕಳು. "ಬೈಯೋದ್ರಲ್ಲಿ ಇಷ್ಟು ಶ್ರದ್ಧೆ ಯಾಕೇ? ನಿಮ್ಮ ಭಾವನ್ನ ನಾನೂ ಹೀಗೇ ಬೈತಿದ್ದೆ."

"ಥೂ, ಸುಮ್ನಿರೇ."

ಒಂದು ಮಧ್ಯಾಹ್ನ ಆತ ಮೇಷ್ಟ್ರ ಕೋಣೆಯಿಂದ ಹೊರಬರುವುದನ್ನು ಕಂಡಳು. ಸ್ವಲ್ಪ ಹೊತ್ತಿಗೇ ಮೇಷ್ಟ್ರು ಕರೆದರು. "ಲೇಖನ ಈಗಲೇ ಕಳಿಸಲ್ಲ. ಒಂದು ವಾರ ತಡಿ."

ಚಾಡಿಕೋರ... ಅವಳ ಮೈಯೆಲ್ಲ ಉರಿಯಿತು. ಲೇಸರ್ ಕೋಣೆಯಲ್ಲಿ ಆತನನ್ನು ಹಿಡಿದು ನಿಲ್ಲಿಸಿದಳು.

"ಹೊಟ್ಟೆ ತುಂಬ್ತಾ? ಸ್ವಂತಕ್ಕೆ ಏನೂ ಕೈಲಾಗದವರು ಇನ್ನೊಬ್ಬರ ಕಾಲು ಎಳೀತಾರೆ."

"ಮಾಪಕ ಸಾರಜನಕಕ್ಕೆ ಹೊಂದಿಸಿದ್ದು," ಎಂದ ಆತ ಮೆಲ್ಲಗೆ. "ನೀವು ತುಂಬಿದ್ದರಲ್ಲಿ ಮುಕ್ಕಾಲು ಆರ್ಗಾನ್. ಈ ಮಾಪಕ ಅನಿಲ ಎಷ್ಟು ಶಾಖ ಒಯ್ಯುತ್ತೆ ಅಂತ ನೋಡಿ ಒತ್ತಡ ಹೇಳುತ್ತೆ. ಆರ್ಗಾನ್ ಶಾಖಾನ ನಿಧಾನಕ್ಕೆ ಒಯ್ಯುತ್ತೆ, ಅದಕ್ಕೇ ಕಡಿಮೆ ತೋರಿಸುತ್ತೆ. ಒಳಗೆ ಅಣು ಜಾಸ್ತಿ ಇದಾವೆ. ನೀವು ಎಣಿಸಿದ್ದಕ್ಕಿಂತ ಡಿಕ್ಕಿನೂ ಜಾಸ್ತಿ."

ಅವಳು ಅನಿಲ ಯಾವುದಾದರೂ ಸರಿಯಾಗಿ ತೋರಿಸುವ ಬೇರೊಂದು ಮಾಪಕ ತಂದು ಜೋಡಿಸಿದಳು. ಮುಳ್ಳು ಏರಿತು, ಏರುತ್ತಲೇ ಹೋಯಿತು. ಅವಳ ಅದ್ಭುತವೆಲ್ಲ ಬರೀ ಆರ್ಗಾನ್. ಅವಳ ಅಣುಗಳೂ ಎಲ್ಲರ ಅಣುಗಳಂತೆಯೇ, ಅಷ್ಟೇ ಡಿಕ್ಕಿ ತಿಂದು ತಣಿಯುತ್ತಿದ್ದವು.

"ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದ್ರಾ?"

"ಇಲ್ಲ. ನನಗೊಂದು ಅನುಮಾನ ಇದೆ, ನನ್ನದೇ ತಪ್ಪಿರಬಹುದು, ಒಂದು ವಾರ ಕೊಡಿ ಅಂದೆ. ಅಧಿಕಪ್ರಸಂಗಿ ಅಂತ ಬೈದರು." ಆತ ನೆಲ ನೋಡಿದ. "ನೀವೇ ಕಂಡುಹಿಡಿದು ನೀವೇ ಹೇಳಲಿ ಅಂತ..."

ಅವಳು ಹೊಸ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡಳು.

ನೇರವಾಗಿ ಮೇಷ್ಟ್ರ ಕೋಣೆಗೆ ಹೋದಳು. ಮರಳಿ ಬಂದಾಗ ಕಣ್ಣು ಕೆಂಪಗಿತ್ತು.

"ಹೇಳಿ ಬಂದೆ. ತಪ್ಪು ನನ್ನದು, ನೀವು ಮೂರು ಸಲ ಕೇಳಿದ್ದು, ನಾನು ಅಣಕಿಸಿದ್ದು... ಎಲ್ಲ. ಇನ್ನೊಂದು ವರ್ಷ ಕೂತು ಮೊದಲಿಂದ ಅಳತೆ ಮಾಡು ಅಂದರು."

"ನನ್ನ ವಿಷಯ ಹೇಳಬೇಕಾಗಿರಲಿಲ್ಲ."

"ನನ್ನನ್ನ ಕಂಡ್ರೆ ನನಗೇ ಹೇಸಿಗೆ ಆಯ್ತು." ದನಿ ತಗ್ಗಿಸಿದಳು. "ನಿಮ್ಮನ್ನ ದ್ವೇಷಿಸೋಕೆ ಆಗ್ತಿಲ್ಲ. ಎಷ್ಟೋ ದಿನದಿಂದ ಆಗ್ತಿಲ್ಲ... ಪ್ರಯತ್ನ ಮಾತ್ರ ಪಡ್ತಾನೇ ಇದ್ದೆ."

ಆತನ ಕಿವಿ ಕೆಂಪಾದವು.

"ನನ್ನ ಯಂತ್ರ ಇರೋದು ಕೆಳಗಿನ ಮಹಡೀಲಿ," ಎಂದ. "ಇಲ್ಲಿ ನನಗೆ ಯಾವ ಕೆಲಸಾನೂ ಇರಲಿಲ್ಲ. ಬೈಸಿಕೊಳ್ಳೋಕೇ ದಿನಾ ಮೆಟ್ಟಿಲು ಹತ್ತುತ್ತಿದ್ದೆ."

ಅವಳು ಅಳುತ್ತಲೇ ನಕ್ಕಳು.

"ನಾಳೆನೂ ಹತ್ತಿ ಬನ್ನಿ."

"ಬೈತೀರಾ?"

"ಬೈದೇ ಬೈತೀನಿ... ಆದರೆ ಬಾಗಿಲು ಹಾಕಲ್ಲ."